ಯಾವ ಡಬ್ಬದ ಬೂದಿ?

ಹೊತ್ತುಕೊಂಡು ಹೋದದ್ದು ಯಾವ ಡಬ್ಬವನ್ನು ಎಂಬುದೇ ನೊಲ್ಬೆರ್ತೊನಿಗೆ ನೆನಪಾಗಲಿಲ್ಲ. ಹಿತ್ತಲಿನ ಕಲ್ಲುಹಾಸಿನ ಮೇಲೆ ಪೇಂಟಿನ ಎರಡು ಹಳೇ ಡಬ್ಬಗಳಿದ್ದವು. ಎರಡಕ್ಕೂ ತಗಡಿನ ಮುಚ್ಚಳ, ಎರಡರಲ್ಲೂ ಅರ್ಧರ್ಧ ಬೂದಿ. ಒಂದು ಮೂರು ದಿನ ಆರಿದ್ದು, ಇನ್ನೊಂದು ಇವತ್ತು ಬೆಳಿಗ್ಗೆ ಒಲೆಯಿಂದ ಅವನೇ ಬಳಿದು ತಂದದ್ದು. ಒಂದು ಗಂಟೆಯ ಹಿಂದೆ ಎರಡರಲ್ಲಿ ಒಂದನ್ನು ಶೆಡ್ಡಿಗೆ ಒಯ್ದು ಬಿತ್ತನೆ ಆಲೂಗಡ್ಡೆಯ ಮೇಲೆಲ್ಲ ಉದುರಿಸಿ, ಮತ್ತೆ ತಂದು ಇಲ್ಲಿಟ್ಟಿದ್ದ. ಆರಿದ್ದನ್ನೋ, ಇವತ್ತಿನದನ್ನೋ? ಮುಟ್ಟಿ ನೋಡಿದ. ಕಡಲ ಗಾಳಿಗೆ ಎರಡೂ ಡಬ್ಬ ತಣ್ಣಗಿದ್ದವು.

ಅವನು ದೇಶದ ಉತ್ತರ ತುದಿಯ ಮರಳುಗಾಡಿನ ಗಣಿ ಊರಿನವನು, ಗ್ಯಾಸ್ ಒಲೆ ಬಿಟ್ಟು ಬೇರೆ ಒಲೆ ಕಂಡವನಲ್ಲ. ದೂರದ ದಕ್ಷಿಣದ ಚಿಲೋಯೆಯ ಈ ದ್ವೀಪಕ್ಕೆ, ಹೆಂಡತಿಯ ತವರಿಗೆ, ಬಂದು ಎಂಟು ತಿಂಗಳಾಗಿತ್ತು. ಹೆಂಡತಿ ಮೀನಿನ ಕಾರ್ಖಾನೆಯ ಪಾಳಿಗೆ ಹೋದರೆ ಮನೆಯಲ್ಲಿ ಉಳಿಯುವವರು ಅವನು ಮತ್ತು ಅತ್ತೆ ಎದುವಿನಾ. ಅತ್ತೆ ಅವನಿಗೆ ಸೌದೆ ಒಡೆಯಲು ಬಿಟ್ಟಿದ್ದಳು, ಕುರಿ ಹೊಡೆದುಕೊಂಡು ಬರಲು ಬಿಟ್ಟಿದ್ದಳು. ಬಿತ್ತನೆ ಗಡ್ಡೆಯನ್ನು ಮಾತ್ರ ಮುಟ್ಟಗೊಡುತ್ತಿರಲಿಲ್ಲ. ಅಜ್ಜಿ, ಮುತ್ತಜ್ಜಿಯರ ಕಾಲದಿಂದ ಉಳಿಸಿಕೊಂಡು ಬಂದ ಒಂಬತ್ತು ತಳಿ, ಒಂಬತ್ತು ಬುಟ್ಟಿ. ಇವತ್ತು ಹಲ್ಲು ಕೀಳಿಸಲು ಲಾಂಚ್ ಹತ್ತುವ ಮೊದಲು ಅವಳು ಹೇಳಿದ್ದು ಒಂದೇ ಕೆಲಸ. ಒಲೆಯ ಬೂದಿ ತೆಗೆದು ಡಬ್ಬಕ್ಕೆ ತುಂಬಿ, ಮುಚ್ಚಳ ಬಿಗಿದು, ಕಲ್ಲಿನ ಮೇಲೆ ಇಡಬೇಕು. ಮರದ ಗೋಡೆ, ಮರದ ಸೂರಿನ ಮನೆ. ಮೂರು ದಿನ ಆರದ ಬೂದಿ ಒಳಗೆ ಬರಕೂಡದು.

ಅಷ್ಟು ಮಾಡಿ ತೆಪ್ಪಗಿದ್ದಿದ್ದರೆ ಆಗುತ್ತಿತ್ತು. ನಾಳೆ ಬಿತ್ತನೆ ಇತ್ತು. ಅತ್ತೆ ಬರುವಷ್ಟರಲ್ಲಿ ಗಡ್ಡೆಗಳನ್ನು ಹೋಳು ಮಾಡಿ, ಈ ಊರಿನವರ ಹಾಗೆ ಹಸಿ ಹೋಳಿಗೆ ಬೂದಿ ಹಚ್ಚಿಟ್ಟರೆ ಮೆಚ್ಚಿಕೊಂಡಾಳು ಎಂದು ಅಳಿಯನಿಗೆ ಹುಕಿ ಬಂತು. ಬಂದ ಹುಕಿಯಲ್ಲಿ ಡಬ್ಬ ನೋಡಿ ಎತ್ತಿಕೊಳ್ಳುವ ವ್ಯವಧಾನ ಯಾರಿಗಿರುತ್ತದೆ?

ಓಡಿಹೋಗಿ ಶೆಡ್ಡಿನ ಬಾಗಿಲು ತೆರೆದು ಮೂಸಿದ. ಹೊಗೆ ವಾಸನೆ. ತನ್ನ ಅಂಗಿ ಮೂಸಿದ. ಅದಕ್ಕೂ ಅದೇ ವಾಸನೆ. ಚಳಿ ಇನ್ನೂ ಬಿಡದ, ಮನೆಮನೆಯಲ್ಲೂ ಒಲೆ ಉರಿಯುವ ಸೆಪ್ಟೆಂಬರಿನಲ್ಲಿ ಈ ದ್ವೀಪದಲ್ಲಿ ಹೊಗೆ ನಾರದ ವಸ್ತು ಯಾವುದಿದೆ? ಬುಟ್ಟಿಗಳ ಕೆಳಗೆ ಒಣಹುಲ್ಲು, ಹುಲ್ಲಿನ ಕೆಳಗೆ ಹಲಗೆ, ಹಲಗೆಗೆ ಅಂಟಿಕೊಂಡೇ ಮನೆ. ನೀರು ಸುರಿಯೋಣ ಎಂದು ಬಕೆಟ್ ಎತ್ತಿದ. ಹೋಳು ನೆನೆದರೆ ಕೊಳೆಯುತ್ತದೆ, ಒಂಬತ್ತು ತಳಿಯೂ ಮಣ್ಣುಪಾಲು. ಬಕೆಟ್ ಇಳಿಸಿದ. ಸುರಿಯದಿದ್ದರೆ ಮನೆಯೇ ಹೋದೀತು. ಮತ್ತೆ ಎತ್ತಿದ. ಅತ್ತ ದರಿ, ಇತ್ತ ಪುಲಿ. ಅವನಿಗೆ ನಿಜಕ್ಕೂ ಅಳು ಬಂತು.

ಕೊನೆಗೆ ಬಕೆಟ್ ಒದ್ದು, ಬುಟ್ಟಿಗಳನ್ನು ಹೊರಗೆಳೆದು ಅಂಗಳದ ಹುಲ್ಲಿನ ಮೇಲೆ ಸುರಿದ. ಸೌದೆ ಒಡೆಯುವ ದಪ್ಪ ಕೈಗವಸು ಹಾಕಿಕೊಂಡು, ಮಂಡಿಯೂರಿ ಒಂದೊಂದೇ ಹೋಳನ್ನು ಕೈಗೆತ್ತಿಕೊಂಡು ನೋಡತೊಡಗಿದ. ಬೂದಿ ಮುಚ್ಚಿದ ಕೆಂಡ ಎಂದು ಬಾಯಲ್ಲಿ ಆಡುವುದು ಸುಲಭ, ಕೈಯಲ್ಲಿ ಹುಡುಕುವುದು ಕಷ್ಟ. ಬೂದಿ ಮೆತ್ತಿದ ಮೇಲೆ ಹೋಳೂ ಒಂದೇ, ಕಲ್ಲೂ ಒಂದೇ, ಇದ್ದಿಲೂ ಒಂದೇ. ನೋಡಿದ್ದನ್ನೇ ನೋಡಿದ. ನೋಡದ್ದನ್ನು ನೋಡಿದೆ ಎಂದುಕೊಂಡ. ಕಪ್ಪು ತಳಿ ಕೆಂಪಿನ ಜೊತೆ, ಉದ್ದನೆಯದು ಗುಂಡನೆಯದರ ಜೊತೆ ಬೆರೆತು ಒಂಬತ್ತು ಬುಟ್ಟಿ ಒಂದೇ ರಾಶಿಯಾಗಿದ್ದು ಅವನ ಗಮನಕ್ಕೆ ಬಂದದ್ದು ಅತ್ತೆಯ ರಬ್ಬರ್ ಬೂಟು ಪಕ್ಕದಲ್ಲಿ ಬಂದು ನಿಂತಾಗ.

ಎದುವಿನಾಳ ಒಂದು ಕೆನ್ನೆ ಊದಿತ್ತು, ಬಾಯಿ ತುಂಬ ಹತ್ತಿ. ಮಾತಾಡುವಂತಿರಲಿಲ್ಲ. ಊದಿದ ಮುಖದಲ್ಲಿ ಸಿಟ್ಟಿದೆಯೋ ನೋವಿದೆಯೋ ಅವನಿಗೆ ತಿಳಿಯಲಿಲ್ಲ. ಗಡ್ಡೆ ಕತ್ತರಿಸಿದ್ದು, ಡಬ್ಬ ಮರೆತದ್ದು, ಬಕೆಟ್ ಎತ್ತಿದ್ದು, ಇಳಿಸಿದ್ದು ಎಲ್ಲ ಹಿಂದುಮುಂದಾಗಿ ಒದರಿದ. ಅವಳು ರಾಶಿ ನೋಡಿದಳು, ಅವನನ್ನು ನೋಡಿದಳು, ಶೆಡ್ಡು ನೋಡಿದಳು. ಆಮೇಲೆ ಕೈಚೀಲ ಕೆಳಗಿಟ್ಟು, ಅಂಗಿಯ ತೋಳು ಮೇಲೆ ಮಡಚಿಕೊಂಡು, ಅವನೆದುರು ಮಂಡಿಯೂರಿ ತಾನೂ ಹುಡುಕತೊಡಗಿದಳು.

ಬಹಳ ಹೊತ್ತಾದ ಮೇಲೆ ಅವನು ಬದಿಗೆ ಹಾಕಿದ್ದ, ನೋಡಿಯಾಯಿತು ಎಂದುಕೊಂಡಿದ್ದ ಗುಡ್ಡೆಯಿಂದ ಅವಳು ಕೋಳಿಮೊಟ್ಟೆಯಷ್ಟು ದೊಡ್ಡದೊಂದು ಬೂದು ಉಂಡೆಯನ್ನು ಎದ್ದು ನಿಂತು ಬೂಟಿನಿಂದ ಹೊರಗೆ ತಳ್ಳಿದಳು. ಹಿಮ್ಮಡಿಯಿಂದ ಒತ್ತಿದಳು. ಅದು ಎರಡಾಗಿ ಒಡೆಯಿತು. ಒಳಗೆ ಕೆಂಪಗಿತ್ತು.

ನೊಲ್ಬೆರ್ತೊ ಕೈಗವಸು ಕಳಚಿ ಹುಲ್ಲಿನ ಮೇಲೆ ಎಸೆದ. ಎರಡು ಸಲವಾದರೂ ಅದು ತನ್ನ ಕೈ ದಾಟಿ ಹೋಗಿತ್ತು. ನಾಳೆ ಬೆಳಿಗ್ಗೆಯೇ ಗಂಟುಮೂಟೆ ಕಟ್ಟಿ ಉತ್ತರದ ದಾರಿ ಹಿಡಿಯುವುದೇ ವಾಸಿ ಎಂದುಕೊಂಡ. ಎದುವಿನಾ ಕೆಂಡವನ್ನು ಹಸಿ ಮಣ್ಣಿಗೆ ತುಳಿದು, ಬಾಯಿಂದ ಹತ್ತಿ ತೆಗೆದು, ರಕ್ತ ಉಗಿದಳು.

"ಬೆರೆತದ್ದು ಬೆರೀತು. ಹೂ ಬಿಟ್ಟಾಗ ಬಣ್ಣ ನೋಡಿ ಬೇರೆ ಮಾಡಿದ್ರಾಯ್ತು," ಎಂದಳು ತೊದಲುತ್ತ. "ನಾಳೆ ಸಾಲಲ್ಲಿ ಬೀಜ ನೀನೇ ಹಾಕು. ಇನ್ಮೇಲೆ ಒಲೆ ಬೂದಿನೂ ನೀನೇ ನೋಡ್ಕೊ."

"ನನಗಾ? ನನಗೆ ಯಾವುದೂ ಖಾತ್ರಿ ಇಲ್ಲ ಅತ್ತೆ. ಯಾವ ಡಬ್ಬ ಅಂತಾನೇ ಗೊತ್ತಾಗ್ಲಿಲ್ಲ ನಂಗೆ."

"ನಿನ್ನ ಮಾವ ಇದ್ದನಲ್ಲಪ್ಪ, ಅವನಿಗೆ ಎಲ್ಲಾ ಖಾತ್ರಿ ಇತ್ತು. ಬೂದಿ ಆರಿದೆ ಅಂದ್ರೆ ಆರಿದೆ, ಒಂದು ದಿನಾನೂ ಅನುಮಾನ ಪಟ್ಟೋನಲ್ಲ." ಅವಳು ಕೆನ್ನೆ ಹಿಡಿದುಕೊಂಡು ಮನೆಯ ಕಡೆ ನೋಡಿದಳು. "ಇದು ನಾವು ಕಟ್ಟಿದ ಎರಡನೇ ಮನೆ."