ಹುಳಿ ಬಂದ ಕಬ್ಬಿನ ಹಾಲು

ಈಗಲೂ ವಿನೆಗರ್ ಬಾಟಲಿ ತೆರೆದರೆ, ತೊಂಬತ್ತರ ದಶಕದ ಪುಣೆಯ ನಮ್ಮ ಚಾಳಿನ ಮನೆಯ ಆ ಮಧ್ಯಾಹ್ನ ಮೂಗಿಗೆ ಬಡಿಯುತ್ತದೆ.

ಮಾವಿನ ಪೆಟ್ಟಿಗೆಗೆ ಸಣ್ಣ ನೊಣಗಳು ಮುತ್ತಿದ್ದವು. ಅವ್ವ ಎಷ್ಟು ಬೀಸಿದರೂ ಹೋಗಲಿಲ್ಲ. ಅಜ್ಜಿ, ಗುಳ್ಳೆಯೆದ್ದು ಘಾಟು ಬಂದಿದ್ದ ಹಳೆಯ ಕಬ್ಬಿನ ಹಾಲನ್ನು ಲೋಟಕ್ಕೆ ಸುರಿದಳು. ಶೇಂಗಾ ಕಟ್ಟಿಕೊಡುವಂಥ ಕಾಗದದ ಸುರುಳಿಯ ತುದಿ ಕತ್ತರಿಸಿ, ಚೂಪು ಕೆಳಗಾಗುವಂತೆ ಲೋಟದ ಬಾಯಿಗೆ ಸಿಕ್ಕಿಸಿದಳು.

“ವಾಸನಿಗೆ ಒಳಗ ಹೋಗ್ತಾವ. ಹೊರಗ ಬರೂ ದಾರಿ ಸಿಗೂದಿಲ್ಲ, ನೋಡು.”

ಒಂದು ಇಳಿಯಿತು. ಆಮೇಲೆ ಮೂರು. ಎಣಿಕೆ ಹನ್ನೊಂದಾಗುವಷ್ಟರಲ್ಲಿ ನಾನು ಕುಣಿಯತೊಡಗಿದ್ದೆ!

“ಇದು ನಿಮಗ ಹೆಂಗ ಗೊತ್ತ್ರೀ, ಅತ್ತಿ?” ಎಂದಳು ಅವ್ವ.

“ನಿನ್ನ ಮಾವನ ಗ್ಲಾಸಿನ್ಯಾಗ ಬೀಳ್ತಿದ್ವು.”

ಅವ್ವನ ಬೀಸಣಿಕೆ ನಿಂತಿತು. ಎಂದೂ ನೋಡದ ಅಜ್ಜನ ಸುದ್ದಿ ಕೇಳಿ ನನಗೆ ಇನ್ನಷ್ಟು ಹುರುಪೇರಿತು.

“ಅಜ್ಜನೂ ನೊಣ ಹಿಡೀತಿದ್ದನೇನ?”

ಅಜ್ಜಿ ಲೋಟವನ್ನು ನನ್ನತ್ತ ಸರಿಸಿದಳು.

“ಹೂಂ. ದಿನಾ ಸಂಜಿಗೆ.”