ಅಳಿಯನಿಗೊಬ್ಬ ವಕೀಲ

“ಇಷ್ಟೆಲ್ಲಾ ನಿನಗ ಹೇಳಿಕೊಟ್ಟವರು ಯಾರಬೇ ಯವ್ವಾ?”

ಅಂದಾನಪ್ಪನ ಅನುಮಾನಕ್ಕೆ ಕಾರಣವಿತ್ತು. ಬಾಗಲಕೋಟೆಯ ಕೋರ್ಟಿನ ಆವರಣದಲ್ಲಿ ಅವನು ಕೆಲಸ ಮಾಡುವ ಉಚಿತ ಕಾನೂನು ನೆರವಿನ ಕಚೇರಿಗೆ ಬರುವ ಹಳ್ಳಿ ಹೆಂಗಸರಿಗೆ ಕೇಸಿನ ನಂಬರು ಗೊತ್ತಿರುವುದಿಲ್ಲ. ಎದುರಿಗೆ ನಿಂತಿದ್ದ ಈ ಹೆಂಗಸಿಗೆ ಅದು ಬಾಯಿಪಾಠವಾಗಿತ್ತು. ಯಾವ ಕೋರ್ಟು, ಮುಂದಿನ ತಾರೀಖು ಯಾವಾಗ, ಮೊದಲಿನ ವಕೀಲರು ಎಷ್ಟು ಸಲ ಬಾರದೆ ಹೋದರು, ಎಲ್ಲವೂ ನಾಲಿಗೆಯ ತುದಿಯಲ್ಲಿತ್ತು. ಯಾರೋ ದಲ್ಲಾಳಿ ಕಳಿಸಿರಬೇಕು ಎಂದುಕೊಂಡ.

“ನೀವ ಹೇಳಿದ್ರೆಲ್ರಿ ಸಾಹೇಬ್ರ,” ಎಂದಳು ಅವಳು. “ಹೋದ ತಿಂಗಳ ಇಳಕಲ್ಲಾಗ. ಜೇಲಿನ್ಯಾಗ ಇದ್ದವರಿಗೆ ವಕೀಲರು ಇಲ್ಲಂದ್ರ ಸರಕಾರನ ಕೊಡತೈತಿ ಅಂದ್ರಿ.”

ಅಂದಾನಪ್ಪ ಕನ್ನಡಕ ತೆಗೆದಿಟ್ಟ. ಒಂಬತ್ತು ವರ್ಷದಿಂದ ಬಾದಾಮಿ, ಹುನಗುಂದ, ಇಳಕಲ್ಲು ಅಂತ ಊರೂರು ತಿರುಗಿ ಕಾನೂನು ಅರಿವಿನ ಶಿಬಿರ ಮಾಡಿದ್ದ. ಜನ ಬರುತ್ತಿದ್ದರು, ಕೊಟ್ಟ ಉಪ್ಪಿಟ್ಟು ತಿನ್ನುತ್ತಿದ್ದರು, ಆಕಳಿಸುತ್ತಿದ್ದರು. ಹಂಚಿದ ಕರಪತ್ರದಲ್ಲಿ ಚುರಮರಿ ಕಟ್ಟಿಕೊಂಡು ಹೋಗುತ್ತಿದ್ದರು. ಹೇಳಿದ್ದನ್ನು ಕಿವಿಗೆ ಹಾಕಿಕೊಂಡು ಇಲ್ಲಿತನಕ ಬಂದವರನ್ನು ಬೆರಳಲ್ಲಿ ಎಣಿಸಬಹುದಿತ್ತು. ಅವನಿಗೆ ಸಂತೋಷವಾಗಬೇಕಿತ್ತು. ಆದರೆ ಸಂತೋಷಪಡುವಷ್ಟು ತ್ರಾಣವೂ ಉಳಿದಿರಲಿಲ್ಲ.

ಕುರ್ಚಿ ತೋರಿಸಿದ. ಅವಳು ಅಂಚಿನಲ್ಲಿ ಕುಳಿತಳು. ಹೆಸರು ಶಾರವ್ವ. ಇಳಕಲ್ಲಿನ ನೇಕಾರರೊಬ್ಬರ ಮನೆಯಲ್ಲಿ ಕಂಡಿಕೆಗೆ ನೂಲು ಸುತ್ತುವ ಕೆಲಸ. ತಾರೀಖು ಇದ್ದ ದಿನ ಬೆಳಗಿನ ಮೊದಲ ಬಸ್ಸು ಹಿಡಿಯುವಳಂತೆ. ಬಂದರೇನು, ಆರೋಪಿಯ ಕಡೆಯ ವಕೀಲರೇ ಬರುತ್ತಿರಲಿಲ್ಲ; ಅವರಿಲ್ಲದೆ ಕೇಸು ಮುಂದೆ ಸಾಗುತ್ತಿರಲಿಲ್ಲ. ಸಂಜೆತನಕ ಕೋರ್ಟಿನ ಕಟ್ಟೆಯ ಮೇಲೆ ಕೂತು, ಮುಂದಿನ ತಾರೀಖು ಕೇಳಿಕೊಂಡು ವಾಪಸು ಹೋಗುವುದು. ಎರಡು ವರ್ಷದಿಂದ ಇದೇ ನಡೆದಿತ್ತು.

ಅಂದಾನಪ್ಪ ಅರ್ಜಿ ತೆಗೆದ. “ಜೇಲಿನ್ಯಾಗ ಇರಾಂವ ಯಾರು?”

“ಧರ್ಮರಾಜ ಅಂತ್ರಿ.”

“ನಿನಗೇನಾಗಬೇಕು?”

“ಅಳಿಯ ಆಗಬೇಕ್ರಿ.”

“ಏನ ಕೇಸು?”

“ಕೊಲಿ ಕೇಸ್ರಿ.”

ಅಂದಾನಪ್ಪ ಅದನ್ನೂ ಬರೆದುಕೊಂಡ. “ಮಗಳ ಬರಲಿಲ್ಲೇನು ಸಂಗಾಟ?”

“ಇಲ್ರಿ.”

“ಕೂಸು ಐತೇನು?”

“ಹೂಂನ್ರಿ. ನಾಕು ವರ್ಷದ್ದು. ಅಂಗನವಾಡ್ಯಾಗ ಬಿಟ್ಟು ಬಂದೇನಿ.”

ಅಂದಾನಪ್ಪನ ಮನಸ್ಸು ಕರಗಿತು. ಸ್ವಂತ ಮಕ್ಕಳೇ ಜೇಲು ಸೇರಿದರೂ ಮುಖ ತಿರುಗಿಸುವ ಕಾಲ ಇದು. ಈಕೆ ನೋಡಿದರೆ ಅಳಿಯನಿಗಾಗಿ ಚಪ್ಪಲಿ ಸವೆಸುತ್ತಿದ್ದಾಳೆ. ತಡೆಯಲಾರದೆ ಕೇಳಿಬಿಟ್ಟ. “ಖರೇನ ಕೊಲಿ ಮಾಡ್ಯಾನೇನು ಆಂವ?”

“ಅದನ್ನ ಕೋರ್ಟಿನ್ಯಾಗ ಹೇಳಬೇಕಲ್ರಿ,” ಎಂದಳು ಶಾರವ್ವ.

ಕೇಳಬಾರದಿತ್ತು ಅನ್ನಿಸಿತು ಅವನಿಗೆ. ಅರ್ಜಿಯಲ್ಲಿರುವ ಕಾಲಮುಗಳಾಚೆ ಏನನ್ನೂ ಕೇಳಬಾರದೆಂಬುದು ಅವನೇ ಹಾಕಿಕೊಂಡಿದ್ದ ನಿಯಮ. ಕೇಳುತ್ತ ಹೋದರೆ ಮಂದಿಯ ಕಷ್ಟವೆಲ್ಲ ಮನೆಗೆ ಬಂದು ಊಟಕ್ಕೆ ಕೂರುತ್ತದೆ. ಮಾತು ಬದಲಿಸಿದ.

“ಅವನ ಸಹಿ ಬೇಕಾಗತೈತಿ. ಜೇಲಿಗೆ ಹೋಗಿ ನೀನ ತಗೊಂಬಾ. ಭೇಟಿ ಆದಂಗೂ ಆಕ್ಕೈತಿ.”

ಶಾರವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. “ನಾ ಒಲ್ಲೆರಿ. ಮಾರಿ ನೋಡಾಕ ಆಗೂದಿಲ್ಲ.”

“ಇರಲಿ ಬಿಡು, ನಮ್ಮವರನ್ನ ಕಳಸ್ತೇನಿ. ಜಾಮೀನಿಗೂ ಒಂದು ಅರ್ಜಿ ಹಾಕಸ್ಲೇನು?”

“ಬ್ಯಾಡ್ರಿ!” ದನಿ ಏರಿತ್ತು. ತಾನೇ ತಗ್ಗಿಸಿಕೊಂಡಳು. “ಅದೆಲ್ಲಾ ಬ್ಯಾಡ್ರಿ. ಕೇಸು ನಡದರ ಸಾಕು.”

ಹೊಲದ ಪಹಣಿ ಉತಾರ ಕೊಟ್ಟು ಜಾಮೀನು ನಿಲ್ಲುವವರು ಇಂಥ ಬಡವರಿಗೆ ಎಲ್ಲಿ ಸಿಗಬೇಕು? ಅದಕ್ಕೇ ಹೆದರಿದಳು ಎಂದು ಅಂದಾನಪ್ಪ ತಿಳಿದ. ಒತ್ತಾಯ ಮಾಡಲಿಲ್ಲ.

ಹೆಬ್ಬೆಟ್ಟು ಒತ್ತಿ ಎದ್ದವಳು ಬಾಗಿಲ ಹತ್ತಿರ ತಿರುಗಿದಳು. “ಚಲೋ ವಕೀಲರನ್ನ ಕೊಡ್ರಿ ಸಾಹೇಬ್ರ. ತಪ್ಪಸದ ಬರಾವರನ್ನ. ಆಂವಗ ವಕೀಲರ ಇರಲಿಲ್ಲ ಅಂತ ನಾಳೆ ಯಾರೂ ಅನಬಾರದು. ನನಗ ಎದಿನೋವು ಐತಿ. ನಾ ಇರೂದರೊಳಗ ಇದು ಮುಗೀಬೇಕ್ರಿ.”

ಆ ಮಾತು ಅವನಿಗೆ ನಾಟಿತು. ಪಟ್ಟಿಯಲ್ಲಿ ಸರದಿ ಯಾರದ್ದೋ ಅವರಿಗೆ ಕೇಸು ಹೋಗುವುದು ರೂಢಿ. ಈ ಸಲ ಅಂದಾನಪ್ಪ ಮೇಲಿನವರ ಮುಂದೆ ಕೈಕಟ್ಟಿ ನಿಂತು, ಶೈಲಾ ವಕೀಲರೇ ಬೇಕೆಂದು ಕೇಳಿಕೊಂಡ. ಜ್ವರ ಬಂದರೂ ಕೋರ್ಟು ತಪ್ಪಿಸದ ಹೆಂಗಸು. ಎದುರು ಪಕ್ಷದ ಸಾಕ್ಷಿಗಳಿಗೆ ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿ ಬೆವರಿಳಿಸುವುದರಲ್ಲಿ ಹೆಸರಾದವರು. ಬಹಳ ದಿನಗಳ ಮೇಲೆ ಒಂದು ಒಳ್ಳೆಯ ಕೆಲಸ ಮಾಡಿದೆ ಎಂದು ಅವನಿಗೆ ಸಮಾಧಾನವಾಯಿತು.

ತಾರೀಖಿನ ದಿನ, ಕಡತವೊಂದನ್ನು ಮುಟ್ಟಿಸುವ ನೆಪ ಮಾಡಿಕೊಂಡು ಆ ಕೋರ್ಟಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತ. ಇಬ್ಬರು ಪೊಲೀಸರ ನಡುವೆ ಧರ್ಮರಾಜ ತಲೆ ತಗ್ಗಿಸಿ ನಿಂತಿದ್ದ. ಅವನ ಪರವಾಗಿ ಶೈಲಾ ವಕೀಲರು ದಪ್ಪ ಫೈಲು ಬಿಚ್ಚಿಕೊಂಡು ತಯಾರಾಗಿದ್ದರು. ಈ ಸಲ ಯಾರೂ ಟೈಮು ಕೇಳಲಿಲ್ಲ. ಜವಾನ ಶಾರವ್ವನ ಹೆಸರನ್ನು ಮೂರು ಸಲ ಕೂಗಿದ.

ಅವಳು ಬಂದು ಸಾಕ್ಷಿಯ ಕಟಕಟೆ ಹತ್ತಿದಳು. ಅಳಿಯನ ಪರ ಸಾಕ್ಷಿ ಹೇಳಲಿಕ್ಕೂ ಬಂದಿದ್ದಾಳಲ್ಲ, ಪಾಪ, ಎಂದುಕೊಂಡ ಅಂದಾನಪ್ಪ. ಆದರೆ ಪ್ರಶ್ನೆ ಕೇಳಲು ಮೊದಲು ಎದ್ದವರು ಶೈಲಾ ವಕೀಲರಲ್ಲ, ಸರಕಾರಿ ವಕೀಲರು.

“ತೀರಿಹೋದ ಮಾಯಾ ನಿಮಗೆ ಏನಾಗಬೇಕು?” ಎಂದು ಕೇಳಿದರು.

“ಮಗಳ್ರಿ,” ಎಂದಳು ಶಾರವ್ವ. “ಈ ಧರ್ಮರಾಜ ಆಕಿನ್ನ ಬಾವ್ಯಾಗ ನೂಕಿದಾಗ ನಾ ಅಲ್ಲೇ ದಂಡಿಮ್ಯಾಲ ಇದ್ದೆ.”