ಸಭ್ಯಸ್ಥರ ಕೊನೆಯ ಗುಟುಕು

ವಕೀಲರು ತುಂಬಿದ ಗ್ಲಾಸನ್ನು ಮಗನ ಮುಂದೆ ಹಿಡಿದರು. ಮಗ ಕೈ ಚಾಚಲಿಲ್ಲ. ಸೋಫಾದ ತುಂಬ ಕೂತಿದ್ದ ವಕೀಲರ ಗೆಳೆಯರು ಮುಸಿಮುಸಿ ನಕ್ಕರು.

ಇವತ್ತು ಅವನಿಗೆ ಇಪ್ಪತ್ತೊಂದು ತುಂಬಿತ್ತು. ಇನ್ನು ಕುಡಿಯಬಹುದು ಅಂದಿತ್ತು ಕಾನೂನು. ಕಾನೂನು ಅಂದಮೇಲೆ ಈ ಮನೆಯಲ್ಲಿ ಮರುಮಾತಿಲ್ಲ. ನಿನ್ನೆಯವರೆಗೆ ವಿಷವಾಗಿದ್ದದ್ದು ಇವತ್ತು ಬೆಳಿಗ್ಗೆಯಿಂದ ಸಂಸ್ಕಾರವಾಗಿತ್ತು.

ಮಗನನ್ನು ಬೆಳೆಸಿದ ಬಗೆಯನ್ನು ವಕೀಲರು ಮತ್ತೊಮ್ಮೆ ಬಣ್ಣಿಸಿದರು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಅದಕ್ಕೇ ಹನ್ನೆರಡನೇ ವಯಸ್ಸಿನಿಂದ, ಶನಿವಾರದ ಪಾರ್ಟಿ ಮುಗಿದ ಮೇಲೆ ಗ್ಲಾಸು ತೊಳೆಯುವ ಕೆಲಸ ಅವನದೇ. ಕಣ್ಣೆದುರಿಗಿದ್ದರೂ ಆಸೆಪಡಬಾರದು, ಅದು ಶಿಸ್ತು. ಬಾಟಲಿಗಳಿಗೆ ಬೀಗ ಬೇರೆ ಹಾಕುತ್ತಿದ್ದರು, ಅದು ಕಾನೂನು.

ಈ ಮನೆಯ ಇನ್ನೊಂದು ಮರ್ಯಾದೆಯೂ ಗೆಳೆಯರಿಗೆಲ್ಲ ಬಾಯಿಪಾಠ. ಸಭ್ಯಸ್ಥನಾದವನು ಗ್ಲಾಸು ಬರಿದು ಮಾಡುವುದಿಲ್ಲ. ಕೊನೆಯ ಗುಟುಕು ಬಿಟ್ಟೇ ಏಳುತ್ತಾನೆ. ತೂರಾಡುತ್ತ ಏಳುವಾಗಲೂ ಅವರು ಇದನ್ನು ಮರೆಯುತ್ತಿರಲಿಲ್ಲ.

“ಬೇಡ ಬಿಡ್ರೀ ಅವನಿಗೆ,” ಎಂದಳು ಬಾಗಿಲಲ್ಲಿ ನಿಂತಿದ್ದ ಹೆಂಡತಿ. ಅವಳ ಮುಖ ಬಿಳಿಚಿಕೊಂಡಿತ್ತು.

ಹೆಂಗಸರ ಪುಕ್ಕಲು ಬುದ್ಧಿ ಅಂದುಕೊಂಡರು ವಕೀಲರು. ಕಳೆದ ವರ್ಷ ಇವಳೇ ಅಲ್ಲವೇ, ಓದಿಗೆಂದು ಮಗನನ್ನು ಆರು ತಿಂಗಳು ತನ್ನ ಡಾಕ್ಟರ್ ತಮ್ಮನ ಬಳಿ ಬಿಟ್ಟಿದ್ದು? ಹೋಗುವಾಗ ಕಡ್ಡಿಯಾಗಿದ್ದವನು ಮೈಕೈ ತುಂಬಿಕೊಂಡು ಬಂದಿದ್ದ. ಯಾವ ಪರೀಕ್ಷೆಗೆ ಓದಿದ ಎಂದು ಕೇಳಲು ಮಾತ್ರ ವಕೀಲರಿಗೆ ಪುರುಸೊತ್ತಾಗಿರಲಿಲ್ಲ.

“ನಾಲ್ಕು ಜನರ ಮುಂದೆ ನನ್ನ ಮಾನ ಕಳೀಬೇಡ ಕಣೋ,” ಎಂದರು ಮಗನಿಗೆ. “ಒಂದು ಗ್ಲಾಸಿಗೆ ಯಾರೂ ಹಾಳಾಗಲ್ಲ.”

ಮಗ ತಾಯಿಯನ್ನೇ ನೋಡಿದ. ಆಮೇಲೆ ಗ್ಲಾಸು ತೆಗೆದುಕೊಂಡು ಒಂದೇ ಉಸಿರಿಗೆ ಎತ್ತಿದ. ಮುಖ ಕಿವುಚಲಿಲ್ಲ, ಕೆಮ್ಮಲಿಲ್ಲ. ತಳದಲ್ಲಿ ಒಂದು ಹನಿಯೂ ಉಳಿಯಲಿಲ್ಲ.

ಗೆಳೆಯರು ಚಪ್ಪಾಳೆ ತಟ್ಟಿದರು. ವಕೀಲರು ಹುಬ್ಬು ಗಂಟಿಕ್ಕಿದರು. ಕೊನೆಯ ಗುಟುಕು ಬಿಡಬೇಕೆಂಬ ಮರ್ಯಾದೆ ಇಷ್ಟು ವರ್ಷ ನೋಡಿಯೂ ಗೊತ್ತಾಗಲಿಲ್ಲವೇ ಎಂದು ಗದರಿದರು.

“ಗೊತ್ತಪ್ಪ. ನೀವೆಲ್ಲ ಬಿಟ್ಟ ಆ ಗುಟುಕುಗಳನ್ನ ಹನ್ನೆರಡನೇ ವಯಸ್ಸಿಂದ ಮುಗಿಸ್ತಾ ಬಂದವನು ನಾನೇ.” ಮಗ ಬಾಟಲಿಯನ್ನು ಹತ್ತಿರಕ್ಕೆಳೆದು ಇನ್ನೊಂದು ಗ್ಲಾಸು ತುಂಬಿಕೊಂಡ. “ಅಮ್ಮಾ, ಮಾವನಿಗೆ ಫೋನ್ ಮಾಡು. ಕುಡಿತ ಬಿಡಿಸೋ ವಾರ್ಡಲ್ಲಿ ನನ್ನ ಹಾಸಿಗೆ ಇನ್ನೂ ಖಾಲಿ ಇದೆಯಾ ಕೇಳು.”